ಹಳೇ ಫೋನಿಗೆ ಯಾಕಿಲ್ಲ?

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2023ರ ಸೆಪ್ಟೆಂಬರ್ 22ಕ್ಕೆ ಐಫೋನ್ 15 ಅಂಗಡಿಗೆ ಬಂತು. ನಮ್ಮ ದೇಶದಲ್ಲಿ ಆಗ ಬೆಲೆ 79,900 ರೂಪಾಯಿಯಿಂದ ಶುರು. ಕಂತಿನ ಮೇಲೆ ತೆಗೆದುಕೊಂಡವರು ಎಷ್ಟೋ ಜನ. 2024ರ ಜೂನ್ 10ಕ್ಕೆ ಆ್ಯಪಲ್‌ನವರು ‘ಆ್ಯಪಲ್ ಇಂಟೆಲಿಜೆನ್ಸ್’ ಅಂತ ಒಂದಷ್ಟು ಹೊಸ ಸೌಲಭ್ಯಗಳನ್ನು ತೋರಿಸಿದರು. ಬರೆದದ್ದನ್ನು ತಿದ್ದಿಕೊಡುತ್ತದೆ, ರಾಶಿ ಬಿದ್ದ ನೋಟಿಫಿಕೇಶನ್‌ಗಳನ್ನು ಒಂದು ಸಾಲಿಗೆ ಇಳಿಸುತ್ತದೆ, ಫೋಟೋದಲ್ಲಿ ಅಡ್ಡ ಬಂದವರನ್ನು ಅಳಿಸುತ್ತದೆ. ಯಾರಿಗೆ? 15 ಪ್ರೊ, 15 ಪ್ರೊ ಮ್ಯಾಕ್ಸ್ ಇದ್ದವರಿಗೆ. ಬರೀ 15 ಇದ್ದವರಿಗೆ ಇಲ್ಲ. ಫೋನು ಬಂದು ಆಗಿನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ. ಅಂಗಡಿಯಲ್ಲಿ ಅದನ್ನು ಹೊಸ ಮಾಡೆಲ್ ಅಂತಲೇ ಮಾರುತ್ತಿದ್ದರು.

ಐದು ವರ್ಷದ ಫೋನಿಗೆ ಹೊಸದು ಬರಲಿಲ್ಲ ಅಂದರೆ ಗೊಣಗಿಕೊಂಡಾದರೂ ಒಪ್ಪಿಕೊಳ್ಳುತ್ತೇವೆ. ಕಂತು ಮುಗಿಯೋ ಮೊದಲೇ ಫೋನು ‘ಹಳೇದು’ ಆಗಿಬಿಟ್ಟರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಹಾಗಂತ ಕಂಪನಿಗಳನ್ನು ಒಂದು ಗಂಟೆ ಬೈದು ಹೋಗೋಕೆ ನಾನು ಬಂದಿಲ್ಲ. ‘ನಿಮ್ಮ ಫೋನಿಗೆ ಇದು ಬರಲ್ಲ’ ಅಂತ ಕಂಪನಿ ಹೇಳಿದಾಗ ಕೆಲವು ಸಲ ಅದು ನಿಜ. ಕೆಲವು ಸಲ ಬರೀ ನೆಪ. ತೊಂದರೆ ಏನೆಂದರೆ ಎರಡಕ್ಕೂ ಅವರು ಹೇಳೋ ಮಾತು ಒಂದೇ: ‘ಹಾರ್ಡ್‌ವೇರ್ ಮಿತಿ’. ಅದನ್ನು ಬಿಡಿಸಿ ನೋಡೋಕೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಆ ಕೆಲಸ ನಡೆಯೋದು ಎಲ್ಲಿ? ಫೋನಿನ ಒಳಗಾ, ದೂರದಲ್ಲಿರೋ ಕಂಪನಿಯ ಕಂಪ್ಯೂಟರ್‌ನಲ್ಲಿ, ಅಂದರೆ ಸರ್ವರ್‌ನಲ್ಲಾ?

ಮೊದಲು ಕಂಪನಿಯ ಪರವಾಗಿಯೇ ಮಾತಾಡೋಣ. ಆ್ಯಪಲ್ ಇಂಟೆಲಿಜೆನ್ಸ್‌ನ ಒಂದು ಭಾಗ ಫೋನಿನ ಒಳಗೇ ಓಡುತ್ತದೆ. ಅದರ ಭಾಷಾ ಮಾದರಿಯಲ್ಲಿ, ಅಂದರೆ ಬರಹ ಓದಿ ಬರೆಯೋಕೆ ಕಲಿತ ಪ್ರೋಗ್ರಾಮಿನಲ್ಲಿ, ಸುಮಾರು 300 ಕೋಟಿ ಅಂಕಿಗಳಿವೆ. 2024ರಲ್ಲಿ ಒಂದೊಂದು ಅಂಕಿಯನ್ನೂ ಸರಾಸರಿ ನಾಲ್ಕು ಬಿಟ್‌ಗಿಂತ ಕಡಿಮೆ ಜಾಗಕ್ಕೆ ಹಿಂಡಿದ್ದರು. ಅಷ್ಟು ಹಿಂಡಿದರೂ ಲೆಕ್ಕ ಹಾಕಿದರೆ ಒಂದೂಕಾಲು ಜಿಬಿ ದಾಟುತ್ತಿತ್ತು. ಅದು ಸ್ಟೋರೇಜ್‌ನಲ್ಲಿ ಮಲಗಿದ್ದರೆ ಸಾಲದು. ಕೆಲಸ ಮಾಡುವಾಗ, ಆ ಕ್ಷಣದ ಕೆಲಸ ಇಟ್ಟುಕೊಳ್ಳೋ ಜಾಗವಾದ ರ‍್ಯಾಮ್‌ನಲ್ಲಿ ಬಂದು ಕೂರಬೇಕು. ಐಫೋನ್ 15ರಲ್ಲಿ ಇರೋದು 6 ಜಿಬಿ ರ‍್ಯಾಮ್. 15 ಪ್ರೊದಲ್ಲಿ 8.

ರ‍್ಯಾಮ್ ಸಾಲದಿದ್ದರೆ ಏನಾಗುತ್ತದೆ ಅನ್ನೋದು ಕಡಿಮೆ ಬೆಲೆಯ ಫೋನ್ ಬಳಸಿದ ಎಲ್ಲರಿಗೂ ಗೊತ್ತು. ಬ್ಯಾಂಕ್ ಆ್ಯಪ್‌ನಲ್ಲಿ ಒಟಿಪಿ ಕೇಳುತ್ತದೆ. ನೀವು ಮೆಸೇಜ್ ತೆರೆದು ಆರು ಅಂಕಿ ನೋಡಿಕೊಂಡು ವಾಪಸ್ ಬರುತ್ತೀರಿ. ಬ್ಯಾಂಕ್ ಆ್ಯಪ್ ಮೊದಲಿನಿಂದ ಶುರುವಾಗಿರುತ್ತದೆ. ಮತ್ತೆ ಲಾಗಿನ್, ಮತ್ತೆ ಹೊಸ ಒಟಿಪಿ. ಅಕ್ಕಪಕ್ಕದವರನ್ನು ಕಾಯಿಸಿದ್ದಕ್ಕೆ ಮುಜುಗರ ಬೇರೆ. ಮೆಸೇಜ್ ಆ್ಯಪ್‌ಗೆ ಜಾಗ ಮಾಡಿಕೊಡೋಕೆ ಫೋನು ಬ್ಯಾಂಕ್ ಆ್ಯಪನ್ನು ಹೊರಗೆ ಹಾಕಿರುತ್ತದೆ, ಅಷ್ಟೇ. ಅಂಥ ಕಡೆ ಇನ್ನೂ ಒಂದು ಜಿಬಿಗಿಂತ ಜಾಸ್ತಿ ತುಂಬಿದರೆ ದಿನವಿಡೀ ಇದೇ ಗೋಳು.

ಆಗ ಆ್ಯಪಲ್‌ನಲ್ಲಿ ಕೃತಕ ಬುದ್ಧಿಮತ್ತೆ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಜಿಯಾನಾಂಡ್ರಿಯಾ ಹೇಳಿದ್ದೂ ಇದೇ ಅರ್ಥದ ಮಾತು. ತೀರಾ ಹಳೇ ಫೋನಿನಲ್ಲೂ ಓಡಿಸಬಹುದು, ಆದರೆ ಯಾವ ಪ್ರಯೋಜನಕ್ಕೂ ಬಾರದಷ್ಟು ನಿಧಾನ ಆಗುತ್ತದೆ ಅಂತ. ಹೊಸ ಫೋನು ಮಾರೋ ಉಪಾಯ ಅಲ್ವಾ ಅಂತ ಕೇಳಿದ್ದಕ್ಕೆ ಅವರ ಜೊತೆಗಿದ್ದ ಮಾರ್ಕೆಟಿಂಗ್ ಮುಖ್ಯಸ್ಥ ಗ್ರೆಗ್ ಜಾಸ್ವಿಯಾಕ್, ಹಾಗಿದ್ದರೆ ಮ್ಯಾಕ್, ಐಪ್ಯಾಡ್‌ಗಳಲ್ಲೂ ಹೊಸದಕ್ಕೆ ಮಾತ್ರ ಕೊಡುತ್ತಿದ್ದೆವು ಅಂದರು. ಮಾತಿನಲ್ಲಿ ಸತ್ಯ ಇದೆ. 2020ರ ಎಂ1 ಚಿಪ್ಪಿನ ಮ್ಯಾಕ್‌ಗೂ ಇದು ಬಂತು. ಅದರಲ್ಲಿ ಕನಿಷ್ಠ 8 ಜಿಬಿ ರ‍್ಯಾಮ್ ಇತ್ತು.

ಇಷ್ಟು ಒಪ್ಪಿಕೊಂಡ ಮೇಲೆ ಎರಡು ಮಾತು ಉಳಿಯುತ್ತವೆ. ಒಂದು, ಇದೇ ಆ್ಯಪಲ್ ಇಂಟೆಲಿಜೆನ್ಸ್‌ನ ದೊಡ್ಡ ಕೆಲಸಗಳು ಫೋನಿನಲ್ಲಿ ನಡೆಯೋದಿಲ್ಲ. ಅವು ಆ್ಯಪಲ್‌ನ ಸರ್ವರ್‌ಗೆ ಹೋಗುತ್ತವೆ. ಆ ಭಾಗಕ್ಕೆ ನಿಮ್ಮ ರ‍್ಯಾಮ್ ಯಾಕೆ ಬೇಕು? ಇನ್ನೊಂದು, 20 ಸಾವಿರದ ಆಂಡ್ರಾಯ್ಡ್ ಫೋನುಗಳಲ್ಲೇ 8 ಜಿಬಿ ರ‍್ಯಾಮ್ ಸಿಗುತ್ತಿದ್ದ ಕಾಲದಲ್ಲಿ 80 ಸಾವಿರದ ಫೋನಿಗೆ ಆರೇ ಸಾಕು ಅಂತ ತೀರ್ಮಾನ ಮಾಡಿದವರು ಯಾರು? ಮಿತಿ ಹಾರ್ಡ್‌ವೇರ್‌ನದ್ದೇ ಇರಬಹುದು. ಆ ಹಾರ್ಡ್‌ವೇರ್ ಆಕಾಶದಿಂದ ಉದುರಿದ್ದಲ್ಲ.

ಈಗ ನೆಪದ ಕಥೆಗೆ ಬರೋಣ. 2010ರಲ್ಲಿ ‘ಸಿರಿ’, ಅಂದರೆ ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ಸಹಾಯಕ, ಒಂದು ಸಾಮಾನ್ಯ ಆ್ಯಪ್ ಆಗಿತ್ತು. ಆ್ಯಪ್ ಸ್ಟೋರ್‌ನಿಂದ ಇಳಿಸಿಕೊಳ್ಳಬಹುದಿತ್ತು. ಐಫೋನ್ 3ಜಿಎಸ್‌ನಲ್ಲೂ ಓಡುತ್ತಿತ್ತು. ಅದೇ ವರ್ಷ ಆ್ಯಪಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. 2011ರ ಅಕ್ಟೋಬರ್ 14ಕ್ಕೆ ಐಫೋನ್ 4ಎಸ್ ಮಾರಾಟಕ್ಕೆ ಬಂತು. ಸಿರಿ ಅದರ ದೊಡ್ಡ ಆಕರ್ಷಣೆ. ಮಾರನೇ ದಿನವೇ ಹಳೇ ಸಿರಿ ಆ್ಯಪ್‌ನ ಸರ್ವರ್ ಬಂದ್. ಹಿಂದಿನ ವರ್ಷವಷ್ಟೇ ಬಂದಿದ್ದ ಐಫೋನ್ 4ಕ್ಕೆ ಹೊಸ ಸಿರಿ ಇಲ್ಲ. ಅಂದರೆ ಹೊಸದು ಸಿಗಲಿಲ್ಲ ಅನ್ನೋದು ಹಾಗಿರಲಿ, ಕೈಯಲ್ಲಿ ಇದ್ದದ್ದೂ ಹೋಯಿತು.

ಸಿರಿ ಆಗ ಏನು ಮಾಡುತ್ತಿತ್ತು? ನೀವು ಆಡಿದ ಮಾತನ್ನು ರೆಕಾರ್ಡ್ ಮಾಡಿ ಸರ್ವರ್‌ಗೆ ಕಳಿಸುತ್ತಿತ್ತು. ಮಾತನ್ನು ಅಕ್ಷರ ಮಾಡೋದು, ಅರ್ಥ ಹುಡುಕೋದು ಎಲ್ಲ ಅಲ್ಲಿ. ಫೋನಿನ ಪಾಲಿಗೆ ಇದ್ದದ್ದು ಮೈಕು, ಇಂಟರ್ನೆಟ್ಟು, ಉತ್ತರ ತೋರಿಸೋಕೆ ಒಂದು ಪರದೆ. 4ಎಸ್‌ನಲ್ಲಿ ಸುತ್ತಲಿನ ಗದ್ದಲ ಕಳೆಯುವ ಏರ್ಪಾಡು ಚೆನ್ನಾಗಿತ್ತು, ಚಿಪ್ಪೂ ಚುರುಕಾಗಿತ್ತು ಅನ್ನೋದು ನಿಜ. ಆದರೆ ಕೆಲವೇ ವಾರಗಳಲ್ಲಿ ಹೊರಗಿನ ಡೆವಲಪರ್‌ಗಳು ಐಫೋನ್ 4ರಲ್ಲಿ ಸಿರಿಯನ್ನು ಓಡಿಸಿ ವಿಡಿಯೋ ಹಾಕಿದರು. ಓಡಿತು.

ಸರ್ವರ್ ಕೆಲಸ ಮಾಡಿದರೆ ಬಡಪಾಯಿ ಫೋನೂ ಗೆಲ್ಲುತ್ತದೆ ಅನ್ನೋದಕ್ಕೆ ಕನ್ನಡದವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲಿ ಮೂವತ್ತು ದಾಟಿದವರು ಕೈ ಎತ್ತಿ. ಆಂಡ್ರಾಯ್ಡ್ 2.3ರ ಕಾಲ ನೆನಪಿದೆಯಾ? ಎಷ್ಟೋ ಫೋನುಗಳಲ್ಲಿ ಕನ್ನಡದ ಯಾವ ಪುಟ ತೆರೆದರೂ ಸಾಲು ಸಾಲು ಡಬ್ಬಿ. ಫೇಸ್‌ಬುಕ್ಕಿನಲ್ಲಿ ಗೆಳೆಯ ಹುಟ್ಟುಹಬ್ಬದ ಶುಭಾಶಯ ಬರೆದಿದ್ದಾನೋ ಸಾಲ ವಾಪಸ್ ಕೇಳಿದ್ದಾನೋ ಗೊತ್ತಾಗುತ್ತಿರಲಿಲ್ಲ. ಆಂಡ್ರಾಯ್ಡ್ ವ್ಯವಸ್ಥೆಗೇ ಕನ್ನಡ ಸೇರಿದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ತೆಲುಗು, ಮಲಯಾಳಂ ಬಂದದ್ದೂ ಅದರ ಜೊತೆಗೇ. ಆದರೆ 2.3 ಇದ್ದ ಫೋನುಗಳಲ್ಲಿ ಹೆಚ್ಚಿನವಕ್ಕೆ 4.1 ಬರಲೇ ಇಲ್ಲ. ಒಂದು ಭಾಷೆಯ ಅಕ್ಷರ ತೋರಿಸೋಕೆ ಹೊಸ ಫೋನೇ ಕೊಳ್ಳಬೇಕು ಅನ್ನೋ ಪರಿಸ್ಥಿತಿ.

ಆಗ ನಮ್ಮನ್ನು ಕಾಪಾಡಿದ್ದು ಒಪೆರಾ ಮಿನಿ ಅನ್ನೋ ಬ್ರೌಸರ್. ಅಡ್ರೆಸ್ ಬಾರ್‌ನಲ್ಲಿ ‘ಒಪೆರಾ ಕಾನ್ಫಿಗ್’ ಅಂತ ಹೊಡೆದರೆ ಒಂದು ಪುಟ ಬರುತ್ತಿತ್ತು. ಕೆಳಗೆ ಹೋಗಿ, ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋ ಸಾಲನ್ನು ‘ಯೆಸ್’ ಮಾಡಿ ಸೇವ್ ಮಾಡಬೇಕು. ಅಷ್ಟೇ. ಒತ್ತಕ್ಷರ, ದೀರ್ಘ ಎಲ್ಲ ಒಪೆರಾದ ಸರ್ವರ್‌ನಲ್ಲೇ ಜೋಡಣೆಯಾಗಿ, ಚಿತ್ರವಾಗಿ ಫೋನಿಗೆ ಬರುತ್ತಿತ್ತು. ಅಕ್ಷರ ಸ್ವಲ್ಪ ಮಸುಕು, ಡೇಟಾ ಸ್ವಲ್ಪ ಜಾಸ್ತಿ. ಆದರೆ ಅದೇ ಫೋನು, ಅದೇ ಪರದೆ, ಕನ್ನಡ ಕಾಣುತ್ತಿತ್ತು. ಈ ಸೆಟ್ಟಿಂಗನ್ನು ಎಷ್ಟು ಜನರ ಫೋನಿನಲ್ಲಿ ಮಾಡಿಕೊಟ್ಟೆನೋ ಲೆಕ್ಕ ಇಲ್ಲ. ಮದುವೆ ಮನೆಯಲ್ಲೂ ಬಿಡುತ್ತಿರಲಿಲ್ಲ.

ಇನ್ನು ಗೂಗಲ್‌ನ ಪಿಕ್ಸೆಲ್ 8. ಇದರಲ್ಲಿ ನಿಜವಾದ ಕಾರಣ, ನೆಪ ಎರಡೂ ಒಂದೇ ಫೋನಿನಲ್ಲಿ ಸಿಗುತ್ತವೆ. 2023ರ ಅಕ್ಟೋಬರ್‌ನಲ್ಲಿ 8 ಮತ್ತು 8 ಪ್ರೊ ಒಟ್ಟಿಗೆ ಬಂದವು. ಚಿಪ್ಪು ಎರಡಕ್ಕೂ ಒಂದೇ. ಪ್ರೊದಲ್ಲಿ 12 ಜಿಬಿ ರ‍್ಯಾಮ್, ಇನ್ನೊಂದರಲ್ಲಿ 8. ಎರಡಕ್ಕೂ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಭಾಷೆ. 2024ರ ಮಾರ್ಚ್‌ನಲ್ಲಿ ಗೂಗಲ್, ಫೋನಿನೊಳಗೆ ಓಡುವ ‘ಜೆಮಿನಿ ನ್ಯಾನೋ’ ಮಾದರಿ ಪಿಕ್ಸೆಲ್ 8ಕ್ಕೆ ಬರೋದಿಲ್ಲ, ಹಾರ್ಡ್‌ವೇರ್ ಮಿತಿ ಅಂದಿತು. ಏಳು ವರ್ಷ ಅಂದಿದ್ದವರು ಆರೇ ತಿಂಗಳಿಗೆ ಮಿತಿ ಅಂದಾಗ ಜನ ಸುಮ್ಮನಿರುತ್ತಾರಾ? ದೊಡ್ಡ ಗಲಾಟೆಯಾಯಿತು. ಆ ತಿಂಗಳು ಮುಗಿಯೋದರೊಳಗೆ ಗೂಗಲ್ ಮಾತು ಬದಲಿಸಿತು. ಜೂನ್‌ನಲ್ಲಿ ಅದು ಪಿಕ್ಸೆಲ್ 8ಕ್ಕೆ ಬಂತು. ತಾನಾಗೇ ಆನ್ ಆಗಿ ಬರಲಿಲ್ಲ. ಡೆವಲಪರ್ ಆಯ್ಕೆಗಳ ಪುಟದಲ್ಲಿ ಒಂದು ಸ್ವಿಚ್ ಇಟ್ಟರು. ಬೇಕಾದವರು ಆನ್ ಮಾಡಿಕೊಳ್ಳಿ, ಫೋನು ಸ್ವಲ್ಪ ತಡವರಿಸಿದರೆ ಅದು ನಿಮ್ಮ ಆಯ್ಕೆ.

ಇದು ನನಗೆ ತುಂಬಾ ಹಿಡಿಸಿದ ಪರಿಹಾರ. ರ‍್ಯಾಮ್ ಕಡಿಮೆ ಅನ್ನೋ ಕಾರಣ ಸುಳ್ಳಾಗಿರಲಿಲ್ಲ. ಆದರೆ ಆ ಕಷ್ಟ ತಡೆದುಕೊಳ್ಳಬೇಕೋ ಬೇಡವೋ ಅನ್ನೋದನ್ನು ದುಡ್ಡು ಕೊಟ್ಟವರೇ ನಿರ್ಧರಿಸಲಿ.

ಅದೇ ಫೋನಿನ ಇನ್ನೊಂದು ಕಥೆ ಇಷ್ಟು ಚೆನ್ನಾಗಿಲ್ಲ. ‘ವಿಡಿಯೋ ಬೂಸ್ಟ್’ ಅಂತ ಒಂದು ಸೌಲಭ್ಯ. ಕತ್ತಲಲ್ಲಿ ತೆಗೆದ ವಿಡಿಯೋವನ್ನು ಬೆಳಗಿಸಿ, ಬಣ್ಣ ಸರಿಮಾಡಿ ಕೊಡುತ್ತದೆ. ಇದನ್ನು ಪ್ರೊಗೆ ಮಾತ್ರ ಕೊಟ್ಟರು. ಕೆಲಸ ಎಲ್ಲಿ ನಡೆಯುತ್ತದೆ? ವಿಡಿಯೋ ಗೂಗಲ್ ಫೋಟೋಸ್ ಮೂಲಕ ಗೂಗಲ್‌ನ ಡೇಟಾ ಸೆಂಟರ್‌ಗೆ ಹೋಗಿ, ಅಲ್ಲಿ ತಯಾರಾಗಿ, ಎಷ್ಟೋ ಹೊತ್ತಿನ ಮೇಲೆ ವಾಪಸ್ ಬರುತ್ತದೆ. ಚಿಪ್ಪು ಒಂದೇ, ಕೆಲಸ ಹೊರಗೆ. ಹಾಗಾದರೆ ಪ್ರೊ ಯಾಕೆ? ಬಿಡುಗಡೆಯಾದಾಗ ನಮ್ಮಲ್ಲಿ 8ರ ಬೆಲೆ 75,999, ಪ್ರೊ ಬೆಲೆ 1,06,999 ಇತ್ತು. ಆ 31 ಸಾವಿರಕ್ಕೆ ಏನಾದರೂ ತೋರಿಸಬೇಕಲ್ಲ, ಅದಕ್ಕೆ. ಇದು ನನ್ನ ಊಹೆ, ಗೂಗಲ್ ಹಾಗೆ ಹೇಳಿಲ್ಲ. ದುಬಾರಿ ಮಾಡೆಲ್‌ಗೆ ಒಂದಿಷ್ಟು ಹೆಚ್ಚು ಕೊಡೋದು ತಪ್ಪೂ ಅಲ್ಲ. ಅದನ್ನು ಫೋನು ಮಾರುವ ದಿನವೇ ಹೇಳಿದರೆ ನನ್ನ ತಕರಾರಿಲ್ಲ.

ಒತ್ತಡ ಬಿದ್ದರೆ ಏನೇನು ಸಾಧ್ಯ ಅನ್ನೋದನ್ನು ನಾವು 5ಜಿಯಲ್ಲಿ ನೋಡಿದೆವು. 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಉದ್ಘಾಟನೆ. ಆ ವಾರವೇ ಏರ್‌ಟೆಲ್ ಸೇವೆ ಶುರು ಮಾಡಿದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. 2020ರಿಂದಲೇ ಜನ 5ಜಿ ಅಂತ ಬರೆದಿದ್ದ ಫೋನುಗಳಿಗೆ ಹೆಚ್ಚು ದುಡ್ಡು ಕೊಟ್ಟಿದ್ದರು. ಸೇವೆ ಬಂದ ದಿನ ನೋಡಿದರೆ ಸಿಗ್ನಲ್ ಪಕ್ಕ 4ಜಿ ಅಂತಲೇ ಕಾಣುತ್ತಿದೆ. ಮೋಡೆಮ್ ಇತ್ತು, ಆಂಟೆನಾ ಇತ್ತು, ಸಾಫ್ಟ್‌ವೇರ್ ಬೀಗ ಹಾಕಿತ್ತು. ಸರ್ಕಾರ ಕಂಪನಿಗಳ ಜೊತೆ ಮಾತಾಡಿತು. ಡಿಸೆಂಬರ್ ಹೊತ್ತಿಗೆ ಐಒಎಸ್ 16.2ರ ಜೊತೆ ಐಫೋನ್‌ಗಳಿಗೆ ಬಂತು. 2020ರ ಐಫೋನ್ 12ಕ್ಕೂ 2022ರ ಐಫೋನ್ 14ಕ್ಕೂ ಒಂದೇ ದಿನ. ಹಾಗಂತ ಎಲ್ಲ ಫೋನುಗಳ ವಿಷಯ ಹೀಗಿರಲಿಲ್ಲ. ಮೊದಲ ಕಾಲದ ಕೆಲವು 5ಜಿ ಫೋನುಗಳಲ್ಲಿ ನಮ್ಮ ಟೆಲಿಕಾಂ ಕಂಪನಿಗಳು ಬಳಸುವ ಬ್ಯಾಂಡುಗಳಿಗೆ, ಅಂದರೆ ರೇಡಿಯೋ ತರಂಗಗಳಿಗೆ, ಬೆಂಬಲವೇ ಇರಲಿಲ್ಲ. ಅವಕ್ಕೆ ಯಾವ ಅಪ್‌ಡೇಟೂ ದಾರಿ ತೋರಿಸಲಾರದು.

ಆಂಡ್ರಾಯ್ಡ್ ಲೋಕದಲ್ಲಿ ಮೂರನೆಯ ಕಾರಣವೊಂದಿದೆ. ಅಲ್ಲಿ ಕೆಲಸ ಆಗೋದೇ ಇಲ್ಲ ಅಂತೇನಿಲ್ಲ, ಕೊಡಬಾರದು ಅನ್ನೋ ಹಟವೂ ಇಲ್ಲ. ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ. ಗೂಗಲ್ ಹೊಸ ಆವೃತ್ತಿ ಬಿಡುತ್ತದೆ. ಕ್ವಾಲ್ಕಾಮ್, ಮೀಡಿಯಾಟೆಕ್ ಥರದ ಚಿಪ್ ಕಂಪನಿ ತನ್ನ ಡ್ರೈವರ್‌ಗಳನ್ನು (ಚಿಪ್ಪಿಗೂ ಆಂಡ್ರಾಯ್ಡಿಗೂ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್) ಅದಕ್ಕೆ ಹೊಂದಿಸಿ ಕೊಡಬೇಕು. ಆಮೇಲೆ ಫೋನ್ ಕಂಪನಿ ತನ್ನ ವೇಷ ಹಾಕಬೇಕು, ಪರೀಕ್ಷೆ ಮಾಡಬೇಕು. ಚಿಪ್ ಕಂಪನಿಗೆ ಮೂರು ವರ್ಷ ಹಿಂದಿನ ಚಿಪ್ಪಿನಿಂದ ಬರೋ ದುಡ್ಡು ಬಂದಾಗಿದೆ. ಅವರು ಕೈಬಿಟ್ಟರೆ ಮುಂದಿನವರೂ ಕೈಬಿಡುತ್ತಾರೆ. ಈ ಗಂಟನ್ನು ಸಡಿಲಿಸೋಕೆ ಗೂಗಲ್ 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ‘ಪ್ರಾಜೆಕ್ಟ್ ಟ್ರೆಬಲ್’ ತಂದಿತು. ಚಿಪ್ಪಿಗೆ ಸೇರಿದ ಭಾಗವನ್ನೂ ಆಂಡ್ರಾಯ್ಡನ್ನೂ ಬೇರೆ ಬೇರೆ ಮಾಡಿತು. ಕೆಲಸ ಹಗುರ ಆಯಿತು, ಇಲ್ಲವಾಗಲಿಲ್ಲ.

ಇಲ್ಲಿ ಫೇರ್‌ಫೋನ್ ಹೆಸರು ಹೇಳದೆ ಮುಂದೆ ಹೋಗಲಾರೆ. ನೆದರ್‌ಲ್ಯಾಂಡ್ಸ್‌ನ ಚಿಕ್ಕ ಕಂಪನಿ. 2015ರ ಕೊನೆಗೆ ‘ಫೇರ್‌ಫೋನ್ 2’ ತಂದರು. ಒಳಗಿದ್ದದ್ದು ಸ್ನಾಪ್‌ಡ್ರಾಗನ್ 801. ಆ ಚಿಪ್ಪನ್ನು ಆಂಡ್ರಾಯ್ಡ್ 7ಕ್ಕೆ ತರೋದಿಲ್ಲ ಅಂತ ಕ್ವಾಲ್ಕಾಮ್ ಕೈಚೆಲ್ಲಿತು. ದೊಡ್ಡ ದೊಡ್ಡ ಕಂಪನಿಗಳ 801 ಫೋನುಗಳೆಲ್ಲ ಅಲ್ಲೇ ನಿಂತವು. ಫೇರ್‌ಫೋನ್‌ನವರು ಹೊರಗಿನ ಉತ್ಸಾಹಿಗಳ ಕೆಲಸವನ್ನೂ ಬಳಸಿಕೊಂಡು 7 ತಂದರು, 9 ತಂದರು, 10 ತಂದರು. ಒಂದೊಂದಕ್ಕೂ ಗೂಗಲ್‌ನ ಲಕ್ಷಗಟ್ಟಲೆ ಪರೀಕ್ಷೆ ದಾಟಬೇಕು. ವರ್ಷಗಟ್ಟಲೆ ತಡವಾಗಿಯೇ ಬಂದವು, ಸುಳ್ಳಲ್ಲ. ಕೊನೆಯ ಅಪ್‌ಡೇಟ್ 2023ರ ಮಾರ್ಚ್‌ನಲ್ಲಿ. ಏಳು ವರ್ಷ ದಾಟಿತ್ತು. ಆಗೋದೇ ಇಲ್ಲ ಅಂತ ಕೋಟಿಗಟ್ಟಲೆ ಫೋನು ಮಾರುವವರು ಹೇಳಿದಾಗ ನನಗೆ ಈ ಕಂಪನಿ ನೆನಪಾಗುತ್ತದೆ.

ಕೊಡದಿದ್ದರೆ ಬೈಗುಳ. ಕೊಟ್ಟರೂ ಬೈಗುಳ ತಪ್ಪಿದ್ದಲ್ಲ. 2010ರಲ್ಲಿ ಐಫೋನ್ 3ಜಿಗೆ ಐಒಎಸ್ 4 ಕೊಟ್ಟರು. ರ‍್ಯಾಮ್ ಬರೀ 128 ಎಂಬಿ. ಮಲ್ಟಿಟಾಸ್ಕಿಂಗ್ ಕಿತ್ತು ಹಾಕಿಯೇ ಕೊಟ್ಟಿದ್ದರು. ಆದರೂ ಫೋನು ತೆವಳಿತು. ಕೀಬೋರ್ಡ್ ಮೂಡೋಕೂ ಕಾಯಬೇಕು. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಹಳೇ ಫೋನಿಗೆ ಭಾರವಾದ ಅಪ್‌ಡೇಟ್ ಹೇರಿದ್ದಕ್ಕೆ ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ, ಆ್ಯಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತು. ಆ್ಯಪಲ್ 2017ರ ಜನವರಿಯ ಅಪ್‌ಡೇಟ್‌ನಲ್ಲಿ, ಬ್ಯಾಟರಿ ಸವೆದ ಫೋನುಗಳ ವೇಗವನ್ನು ಸದ್ದಿಲ್ಲದೆ ಇಳಿಸಿತ್ತು. ಫೋನು ದಿಢೀರನೆ ಆಫ್ ಆಗಬಾರದು ಅನ್ನೋದು ಕಾರಣ. ಕಾರಣ ಸರಿಯಾಗೇ ಇತ್ತು. ಹೇಳಿರಲಿಲ್ಲ. ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿದ್ದು ವೇಗ ಇಳಿಸಿದ್ದಕ್ಕಲ್ಲ, ಗ್ರಾಹಕರಿಗೆ ತಿಳಿಸದೇ ಇದ್ದದ್ದಕ್ಕೆ. 2018ರ ಮಾರ್ಚ್‌ನಲ್ಲಿ ಬಂದ ಐಒಎಸ್ 11.3ರಲ್ಲಿ ಬ್ಯಾಟರಿ ಎಷ್ಟು ಸವೆದಿದೆ ಅನ್ನೋ ಶೇಕಡಾ ಲೆಕ್ಕ, ಜೊತೆಗೆ ಆ ನಿಧಾನವನ್ನು ಆಫ್ ಮಾಡಿಕೊಳ್ಳೋ ದಾರಿ ಎರಡನ್ನೂ ಇಟ್ಟರು. ಅಲ್ಲೂ ತೀರ್ಮಾನ ಕೊನೆಗೆ ಬಂದದ್ದು ಫೋನಿನ ಮಾಲೀಕರ ಕೈಗೇ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: ‘ಈಗ ಏಳು ವರ್ಷ ಅಪ್‌ಡೇಟ್ ಕೊಡ್ತಾರಂತಲ್ಲ, ಇನ್ನೇನು ತೊಂದರೆ?’

ಸರ್, ಆ ಏಳು ವರ್ಷ ಒಳ್ಳೆಯದೇ. ಅದರಲ್ಲಿ ಮುಖ್ಯವಾದದ್ದು ಸೆಕ್ಯುರಿಟಿ ಅಪ್‌ಡೇಟ್. ಫೋನಿನಲ್ಲಿ ಪಿಂಚಣಿ ನೋಡುವವರಿಗೆ, ಯುಪಿಐ ಮಾಡುವವರಿಗೆ ಅದು ಬೇಕೇ ಬೇಕು. ಆದರೆ ಅವರು ಕೊಟ್ಟ ಮಾತಿನಲ್ಲಿ ಇರೋದು ಆವೃತ್ತಿಯ ಸಂಖ್ಯೆ. ಆ ಆವೃತ್ತಿಯ ಒಳಗಿನ ಸೌಲಭ್ಯಗಳಲ್ಲಿ ಯಾವುದು ನಿಮಗೆ ಅನ್ನೋದು ಅದರಲ್ಲಿ ಇರೋದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹೊಸ ಆವೃತ್ತಿ ಅಂತ ಕಾಣಬಹುದು, ಪಕ್ಕದವರ ಫೋನಿನಲ್ಲಿರೋದು ನಿಮ್ಮದರಲ್ಲಿ ಇಲ್ಲದೇ ಇರಬಹುದು. ಕಡಿಮೆ ಬೆಲೆಯ ಫೋನುಗಳಲ್ಲಂತೂ ಇದು ಮಾಮೂಲಿ. ನಮ್ಮ ಮನೆಯಲ್ಲೇ ಒಂದು ಫೋನಿದೆ. ಆಂಡ್ರಾಯ್ಡ್ 11ರಿಂದ ಸ್ಕ್ರೀನ್ ರೆಕಾರ್ಡ್ ವ್ಯವಸ್ಥೆಯ ಒಳಗೇ ಇದೆ. ಆ ಫೋನು 11ಕ್ಕೆ ಏರಿತು, ಸ್ಕ್ರೀನ್ ರೆಕಾರ್ಡ್ ಬಟನ್ ಮಾತ್ರ ಕಾಣಲಿಲ್ಲ. ಪ್ಲೇಸ್ಟೋರ್‌ನಿಂದ ಹಾಕಿದ ಆ್ಯಪ್ ಅದೇ ಫೋನಿನಲ್ಲಿ ಆರಾಮಾಗಿ ರೆಕಾರ್ಡ್ ಮಾಡುತ್ತದೆ, ನಡುನಡುವೆ ಜಾಹೀರಾತು ತೋರಿಸಿಕೊಂಡು.

ಹಿಂದಿನಿಂದ ಒಬ್ಬ ಹುಡುಗ: ‘ಸರ್, ಲಿನಿಯೇಜ್ ಒಎಸ್ ಹಾಕಿಬಿಟ್ರೆ ಮುಗೀತಲ್ವಾ?’

ಲಿನಿಯೇಜ್ ಅಂದರೆ ಫೋನಿನ ಮೂಲ ಸಾಫ್ಟ್‌ವೇರ್ ತೆಗೆದು ಹಾಕಿಕೊಳ್ಳೋ, ಸ್ವಯಂಸೇವಕರು ಮಾಡಿದ ಆಂಡ್ರಾಯ್ಡ್. ಗೊತ್ತಿದ್ದವರಿಗೆ ಒಳ್ಳೆಯ ದಾರಿ. ಸತ್ತೇ ಹೋಯಿತು ಅನ್ನೋ ಫೋನುಗಳನ್ನು ಸ್ವಯಂಸೇವಕರು ವರ್ಷಗಟ್ಟಲೆ ಬದುಕಿಸಿದ್ದಾರೆ. ಆದರೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು, ಯುಪಿಐ ಆ್ಯಪ್‌ಗಳು ಫೋನಿನ ಮೂಲ ಸಾಫ್ಟ್‌ವೇರ್ ಬದಲಾಗಿದೆ ಅಂತ ಗೊತ್ತಾದ ತಕ್ಷಣ ಬಾಗಿಲು ಹಾಕುತ್ತವೆ. ತರಕಾರಿಗೂ ಸ್ಕ್ಯಾನ್ ಮಾಡೋ ಕಾಲದಲ್ಲಿ ಅದು ಚಿಕ್ಕ ತೊಂದರೆಯಲ್ಲ. ಎರಡನೇ ಫೋನಿಗಾದರೆ ಧಾರಾಳವಾಗಿ ಹಾಕಪ್ಪ. ನಿಮ್ಮ ಅಪ್ಪನ ಫೋನಿಗೆ ಕೈ ಹಾಕಬೇಡ.

ಕೊನೆಗೆ ಎದ್ದವರು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವರು. ‘ಇದಕ್ಕೆ ಕಾನೂನು ಅಂತ ಏನೂ ಇಲ್ವಾ?’ ಅಂದರು.

ಯುರೋಪಿನಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಜಾರಿಯಲ್ಲಿದೆ. ಕಂಪನಿ ಒಂದು ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅದರ ಅಪ್‌ಡೇಟ್‌ಗಳು ಉಚಿತವಾಗಿ ಸಿಗಬೇಕು. ಲೆಕ್ಕ ಶುರುವಾಗೋದು ಮಾಡೆಲ್ ಬಿಡುಗಡೆಯಾದ ದಿನದಿಂದಲ್ಲ, ಮಾರಾಟ ನಿಂತ ದಿನದಿಂದ. ಇದು ದೊಡ್ಡ ವಿಷಯ. ಆದರೆ ಇಂಥ ಸೌಲಭ್ಯ ಕೊಡಲೇಬೇಕು ಅಂತ ಆ ನಿಯಮವೂ ಹೇಳೋದಿಲ್ಲ. ನಮ್ಮಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ 2022ರಲ್ಲಿ ಬಂತು. 2025ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯ ಸಮಿತಿಯೊಂದು ಮೊಬೈಲುಗಳಿಗೆ ರಿಪೇರಿ ಅಂಕ ಕೊಡಬೇಕು ಅಂತ ವರದಿ ಕೊಟ್ಟಿತು. ಬಿಡಿಭಾಗ ಸಿಗುತ್ತದಾ, ಬಿಚ್ಚೋದು ಸುಲಭಾನಾ ಅನ್ನೋದರ ಜೊತೆ ಸಾಫ್ಟ್‌ವೇರ್ ಅಪ್‌ಡೇಟನ್ನೂ ಅಂಕದ ಲೆಕ್ಕಕ್ಕೆ ಸೇರಿಸಿದ್ದಾರೆ. ಅಂಕವನ್ನು ಕಂಪನಿಯವರೇ ಘೋಷಿಸಬೇಕು.

‘ಅಂದ್ರೆ ಪರೀಕ್ಷೆ ಬರೆಯೋನೇ ಪೇಪರ್ ತಿದ್ದೋದಾ?’ ಅಂದರು ಅವರು. ಸಭೆ ನಕ್ಕಿತು. ಮಾನದಂಡ ಸರ್ಕಾರದ್ದು, ಲೆಕ್ಕ ಕಂಪನಿಯದ್ದು ಅಂದೆ. ಅವರು ತೃಪ್ತರಾದಂತೆ ಕಾಣಲಿಲ್ಲ. ಚಹಾ ಕುಡಿಯುವಾಗ ಮತ್ತೆ ಸಿಕ್ಕಿ, ಬಾಕ್ಸಿನ ಮೇಲೆ ಅಂಕದ ಬದಲು ‘ಈ ಫೋನಿನ ಕೊನೆಯ ಅಪ್‌ಡೇಟ್ ಇಂಥ ತಿಂಗಳು’ ಅಂತ ಒಂದು ತಾರೀಕು ಅಚ್ಚು ಹಾಕಿದ್ದರೆ ತಮ್ಮ ಗಿರಾಕಿಗಳಿಗೆ ವಿವರಿಸೋ ಕೆಲಸ ಅರ್ಧ ಕಮ್ಮಿ ಆಗುತ್ತಿತ್ತು ಅಂದರು.